ಲೆಕ್ಕ ಬರೆದವನ ಪಾಲು

ಗಜಪಂಥದ ದರ್ಶನಕ್ಕೆ ಬರುವ ಕನ್ನಡ ಜೈನ ಯಾತ್ರಿಕರು ರೈಲಿಳಿಯುವ ನಾಸಿಕ್ ರೋಡ್, ನೋಟು ಮುದ್ರಣಾಲಯದ ಊರು. ಹಣ ಎಣಿಸುವುದು, ಲೆಕ್ಕ ಬರೆಯುವುದು ಇಲ್ಲಿ ನಿರುಪದ್ರವಿಯಾದ ವೃತ್ತಿ. ಜೈನ ವ್ಯಾಪಾರಿ ಮನೆತನಗಳ ನಂಬಿಕೆಯೂ ಅದೇ. ಆ ನಂಬಿಕೆಯನ್ನು ಪರೀಕ್ಷೆಗೊಡ್ಡುವ ಹೆಸರೊಂದು ಯೆಹೂದಿ ನರಮೇಧದ ಚರಿತ್ರೆಯಲ್ಲಿದೆ.

ಬ್ಯಾಂಕ್ ಗುಮಾಸ್ತನಾಗಿ ತರಬೇತಿ ಪಡೆದಿದ್ದ ಆಸ್ಕರ್ ಗ್ರೋನಿಂಗ್, ನಾಜಿಗಳ ಆಶ್ವಿಟ್ಜ್ ಮರಣಶಿಬಿರದಲ್ಲಿ ಬಂದಿಗಳಿಂದ ಕಸಿದ ಹಣವನ್ನು ಎಣಿಸಿ ಲೆಕ್ಕವಿಡುತ್ತಿದ್ದನು. ಯಾರನ್ನೂ ಕೈಯಾರೆ ಕೊಂದವನೆಂಬ ಆರೋಪ ಅವನ ಮೇಲಿರಲಿಲ್ಲ. ಆದರೂ 2015ರಲ್ಲಿ ಜರ್ಮನಿಯ ನ್ಯಾಯಾಲಯವು 3,00,000 ಜನರ ಹತ್ಯೆಗೆ ನೆರವಾದ ಅಪರಾಧಕ್ಕಾಗಿ, 94ರ ಆ ವೃದ್ಧನಿಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಿತು.

ಜೈನರಿಗೆ ಈ ತೀರ್ಪು ಹೊಸದಾಗಿ ತೋರಬಾರದು. ಕೃತ, ಕಾರಿತ, ಅನುಮತ ಎಂಬ ಮೂರೂ ಬಗೆಯಿಂದ ಕರ್ಮಾಸ್ರವವೆಂದು ತತ್ತ್ವಾರ್ಥಸೂತ್ರವು ಎಂದೋ ಹೇಳಿದೆ. ಆದರೆ ನಮ್ಮ ಸಮಾಜದ ಅಹಿಂಸೆಯು ಬಹುಮಟ್ಟಿಗೆ ಗಡ್ಡೆ-ಗೆಣಸು ತ್ಯಜಿಸುವಲ್ಲಿಗೆ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವಲ್ಲಿಗೆ ನಿಂತುಬಿಟ್ಟಿದೆ.

ಆ ನರಮೇಧವು ಅನಿಲಕೋಣೆಯಿಂದ ಆರಂಭವಾದುದಲ್ಲ. ಅದಕ್ಕೂ ಎಷ್ಟೋ ಮೊದಲು, 1933ರ ಏಪ್ರಿಲ್ 1ರಂದು, ಯೆಹೂದಿಗಳ ಅಂಗಡಿಗಳ ಬಹಿಷ್ಕಾರ ನಡೆದಿತ್ತು. ಇಂಥವರ ಅಂಗಡಿಯಲ್ಲಿ ಕೊಳ್ಳಬೇಡಿರೆಂಬ ಸಂದೇಶಗಳು ಇಂದು ನಮ್ಮ ವಾಟ್ಸ್ಆ್ಯಪ್ ಗುಂಪುಗಳಿಗೂ ಬರುತ್ತಿವೆ. ಅವನ್ನು ಮುಂದಕ್ಕೆ ದಾಟಿಸಿದವರು, ಓದಿ ಮೆಚ್ಚಿದವರು ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಅದನ್ನು ಯಾವ ಖಾತೆಗೆ ಬರೆಯುತ್ತಾರೆ? ‘ಇದು ಸಲ್ಲದು’ ಎಂದು ಅದೇ ಗುಂಪಿನಲ್ಲಿ ಹೇಳುವುದೂ ಅಣುವ್ರತದ ಪಾಲನೆಯೇ.