ತಂಡ ಕಟ್ಟುವುದು ಜಾಣ್ಮೆ, ಗೆಲ್ಲುವುದು?

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ ಋತು ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ. ಅದಕ್ಕೆ ತಿಂಗಳುಗಳ ಮುನ್ನವೇ ಅಲ್ಲಿ ಲಕ್ಷಾಂತರ ಕಾಲ್ಪನಿಕ ತಂಡಗಳು ಸಿದ್ಧವಾಗಿರುತ್ತವೆ. ಫ್ಯಾಂಟಸಿ ಆಟದ ‘ಬೆಸ್ಟ್ ಬಾಲ್’ ಎಂಬ ಪ್ರಕಾರ ಇದಕ್ಕೆ ಕಾರಣ.

ಸಾಮಾನ್ಯ ಫ್ಯಾಂಟಸಿ ಲೀಗಿನಲ್ಲಿ ಯಾರನ್ನು ಆಡಿಸಬೇಕೆಂದು ಸ್ಪರ್ಧಿಯು ವಾರವಾರವೂ ನಿರ್ಧರಿಸುತ್ತಾನೆ. ಬೆಸ್ಟ್ ಬಾಲ್‌ನಲ್ಲಿ ಆ ಅವಕಾಶವಿಲ್ಲ. ಪ್ರಚಲಿತ ಮಾದರಿಯಲ್ಲಿ 12 ಸ್ಪರ್ಧಿಗಳು ಸರದಿಯಂತೆ 18 ಸುತ್ತುಗಳಲ್ಲಿ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಅನಂತರ ಬದಲಾವಣೆಯಿಲ್ಲ, ಗಾಯಗೊಂಡವನಿಗೆ ಬದಲಿಯೂ ಇಲ್ಲ. ಪ್ರತಿ ವಾರ ಹೆಚ್ಚು ಅಂಕ ಗಳಿಸಿದ ಎಂಟು ಮಂದಿಯನ್ನು ಆಯಾ ಸ್ಥಾನಗಳಿಗೆ ಅನುಗುಣವಾಗಿ ಕಂಪ್ಯೂಟರೇ ಆರಿಸುತ್ತದೆ.

ಹೀಗಾಗಿ ಕೌಶಲವೆಲ್ಲ ಆಯ್ಕೆಯ ದಿನಕ್ಕೇ ಸೀಮಿತ. ಕಳಪೆ ವಾರದ ಅಂಕ ಲೆಕ್ಕದಿಂದ ಹೊರಗುಳಿಯುವುದರಿಂದ, ಸದಾ ಸಾಧಾರಣವಾಗಿ ಆಡುವವನಿಗಿಂತ ಆಗೊಮ್ಮೆ ಈಗೊಮ್ಮೆ ಸಿಡಿಯುವವನಿಗೆ ಇಲ್ಲಿ ಹೆಚ್ಚು ಬೆಲೆ. ಒಂದೇ ತಂಡದ ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್ ಇಬ್ಬರನ್ನೂ ಹಿಡಿದರೆ, ಒಂದು ಟಚ್‌ಡೌನ್ ಪಾಸ್ ಎರಡು ಕಡೆಯಿಂದ ಅಂಕ ತರುತ್ತದೆ. ಇರುವ ಕ್ವಾರ್ಟರ್‌ಬ್ಯಾಕ್‌ಗಳಿಬ್ಬರಿಗೂ ಒಂದೇ ವಾರ ವಿರಾಮವಿದ್ದರೆ ಆ ಸ್ಥಾನದ ಗಳಿಕೆ ಸೊನ್ನೆ. ಇವೆಲ್ಲ ನಿಜವಾದ ಜಾಣ್ಮೆಯ ವಿಷಯಗಳೇ.

ಆದರೆ ಬಹುಮಾನದ ಲೆಕ್ಕ ಬೇರೆಯೇ ಕತೆ ಹೇಳುತ್ತದೆ. ಅಂಡರ್‌ಡಾಗ್ ಸಂಸ್ಥೆ 2023ರಲ್ಲಿ ನಡೆಸಿದ ‘ಬೆಸ್ಟ್ ಬಾಲ್ ಮೇನಿಯಾ’ದಲ್ಲಿ ತಲಾ 25 ಡಾಲರ್ ತೆತ್ತ 6,77,376 ತಂಡಗಳಿದ್ದವು. ಸಂಗ್ರಹವಾದದ್ದು ಸುಮಾರು 1.69 ಕೋಟಿ ಡಾಲರ್, ಬಹುಮಾನ 1.5 ಕೋಟಿ. ಅದರ ಐದನೇ ಒಂದು ಭಾಗ, ಅಂದರೆ 30 ಲಕ್ಷ ಡಾಲರ್, ಪ್ರಥಮ ಸ್ಥಾನಕ್ಕೇ ಮೀಸಲು. 14 ವಾರಗಳ ಬಳಿಕ 12ರ ಗುಂಪಿನಿಂದ ಇಬ್ಬರು, ಮುಂದಿನ ಎರಡು ವಾರಗಳಲ್ಲಿ 16ರ ಗುಂಪಿನಿಂದ ತಲಾ ಒಬ್ಬರಷ್ಟೇ ಮುಂದಕ್ಕೆ. 17ನೇ ವಾರದ ಅಂತಿಮ ಹಣಾಹಣಿಗೆ ಉಳಿದವು 441 ತಂಡಗಳು.

ಮೂರು ತಿಂಗಳ ಪರಿಶ್ರಮವನ್ನು ಒಂದು ಕೆಟ್ಟ ಭಾನುವಾರ ಅಳಿಸಿಹಾಕಬಲ್ಲುದು ಎಂಬುದೇ ಇದರ ತಾತ್ಪರ್ಯ. ಒಬ್ಬರಿಗೆ 150 ತಂಡಗಳವರೆಗೆ ಅವಕಾಶವಿರುವುದರಿಂದ, 3,750 ಡಾಲರ್ ಹೂಡಬಲ್ಲವನಿಗೆ ಆ ಅಪಾಯವನ್ನು ಹಂಚಿಕೊಳ್ಳಲು ಸಾಧ್ಯ. ಒಂದೇ ತಂಡ ಕಟ್ಟಿದವನಿಗೆ ಅದು ಅಸಾಧ್ಯ.

ಫಲಿತಾಂಶವು ಕೌಶಲವನ್ನು ಪ್ರತಿಬಿಂಬಿಸುವ ಫ್ಯಾಂಟಸಿ ಸ್ಪರ್ಧೆಗಳಿಗೆ ಅಮೆರಿಕದ 2006ರ ಕಾನೂನು ಷರತ್ತುಬದ್ಧ ವಿನಾಯಿತಿ ನೀಡಿದೆ. ಭಾರತದಲ್ಲಿಯೂ ಇದೇ ವಾದ ಬಹುಕಾಲ ನಡೆಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ಕರ್ನಾಟಕದ 2021ರ ತಿದ್ದುಪಡಿಯನ್ನು ರಾಜ್ಯ ಹೈಕೋರ್ಟ್ 2022ರಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಾದರೋ ಕೌಶಲ, ಅದೃಷ್ಟವೆಂಬ ಭೇದವನ್ನೇ ಬದಿಗಿರಿಸಿ ಇಂಥ ಆಟಗಳನ್ನು ನಿಷೇಧಿಸಿತು.

ಆಟದಲ್ಲಿ ಕೌಶಲವಿದೆಯೇ ಎಂಬುದಷ್ಟೇ ಪ್ರಶ್ನೆಯಲ್ಲ. ಕಟ್ಟಿದ ಹಣ ಕೌಶಲವನ್ನು ಅನುಸರಿಸಿ ಮರಳುತ್ತದೆಯೇ ಎಂಬುದೂ ಮುಖ್ಯ. ಆಟಗಾರರ ಪಟ್ಟಿಗಿಂತ ಮೊದಲು ಬಹುಮಾನದ ಪಟ್ಟಿಯನ್ನು ಓದಿದವನಿಗೆ ಉತ್ತರ ಬೇಗ ದೊರಕೀತು.