ಮೂರು ಬಲ್ಬೂ ಸರಿಯಾಗೇ ಇದ್ವು

ಕಳೆದ ಸೆಮಿಸ್ಟರಿನಲ್ಲಿ ನಮ್ಮ ರೂಮಿನ ನಾಲ್ಕು ಜನ ಸೇರಿ ಒಂದೇ ಬೈಕಿನ ಬ್ರೇಕ್ ಲೈಟಿಗೆ ಮೂರು ಬಲ್ಬ್ ಬದಲಾಯಿಸಿದ್ವಿ. ಮೂರೂ ಸರಿಯಾಗೇ ಇದ್ವು. ಅದು ಗೊತ್ತಾಗೋ ಹೊತ್ತಿಗೆ ನಮ್ಮಲ್ಲೊಬ್ಬನ ಕೈಗೆ ಪ್ಲಾಸ್ಟರ್ ಬಿದ್ದಿತ್ತು. ನಾಲ್ವರಲ್ಲಿ ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬ ಮೆಕ್ಯಾನಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಫಸ್ಟ್ ಇಯರಿನಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಎಲ್ಲರೂ ಪಾಸ್. ಆದ್ರೂ ಎರಡು ತಂತಿಯ ಒಂದು ದೀಪ ಯಾಕೆ ಉರೀತಿಲ್ಲ ಅಂತ ಹೇಳೋಕೆ ನಮ್ಮಿಂದ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದೇ ಈ ಬರಹ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು ನಾವು, ಅಲ್ಲಲ್ಲಿ ಕಾಗುಣಿತ ತಪ್ಪಿದ್ರೆ ಬೈಕೊಂಡು ಓದಿ.

ಬೈಕು ನಮ್ಮ ಗೆಳೆಯನ ಅಪ್ಪಂದು. 2003ರ ಮಾಡೆಲ್, 100 ಸಿಸಿ, ವಯಸ್ಸಿನಲ್ಲಿ ನಮಗಿಂತ ದೊಡ್ಡದು. ಬ್ರೇಕ್ ಲೈಟ್ ಉರೀತಿಲ್ಲ ಅಂತ ಮೊದಲು ನೋಡಿದ್ದು ಅವನಲ್ಲ, ಹಿಂದೆ ಬರ್ತಿದ್ದ ನಾವು. ಗಾಡಿ ಓಡಿಸೋನಿಗೆ ಹೆಡ್‌ಲೈಟ್ ಕಾಣುತ್ತೆ, ಹಾರ್ನ್ ಕೇಳುತ್ತೆ, ಇಂಡಿಕೇಟರ್ ಮೀಟರಿನಲ್ಲಿ ಮಿಟುಕುತ್ತೆ. ಬ್ರೇಕ್ ಲೈಟ್ ಒಂದು ಮಾತ್ರ ಅವನಿಗೆ ಯಾವತ್ತೂ ಕಾಣಲ್ಲ. ಅದು ಕೆಟ್ಟಿದೆ ಅಂತ ಇನ್ನೊಬ್ಬರೇ ಹೇಳ್ಬೇಕು.

ನಾವು ಹೇಳಿದ್ವಿ. ಅಂಗಡಿಗೆ ಹೋಗಿ ಬಲ್ಬ್ ತಂದ್ವಿ. ಹಾಕಿದ ತಕ್ಷಣ ಉರೀತು, ಎಲ್ಲರೂ ಚಪ್ಪಾಳೆ ತಟ್ಟಿ ಟೀ ಕುಡಿಯೋಕೆ ಹೋದ್ವಿ. ಎರಡು ದಿನಕ್ಕೆ ಮತ್ತೆ ಬಂದ್. "ಲೋಕಲ್ ಬಲ್ಬ್ ಮಗಾ" ಅಂತ ತೀರ್ಮಾನಿಸಿ ಇನ್ನೊಂದು ತಂದ್ವಿ. ಅದೂ ಮೂರು ದಿನ ಉರೀತು. ಮೂರನೇ ಸಲ ದುಡ್ಡು ಜಾಸ್ತಿ ಕೊಟ್ಟು ಒಳ್ಳೇದೇ ತಂದ್ವಿ. ಈಗ ಯೋಚನೆ ಮಾಡಿದ್ರೆ ನಾಚಿಕೆ ಆಗುತ್ತೆ. ಪ್ರತಿ ಸಲ ಹಳೇ ಬಲ್ಬ್ ತೆಗೆದಾಗ ಅದರ ಫಿಲಮೆಂಟ್ ತುಂಡಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡೋ ಕೆಲಸವನ್ನೂ ನಾಲ್ವರಲ್ಲಿ ಒಬ್ಬರೂ ಮಾಡಲಿಲ್ಲ.

ಇನ್ನೊಂದು ವಿಚಿತ್ರ ಇತ್ತು. ಹಗಲಿನಲ್ಲಿ ಹೆಡ್‌ಲೈಟ್ ಆಫ್ ಇಟ್ಟು ಬ್ರೇಕ್ ಒತ್ತಿದ್ರೆ ಹಿಂದೆ ಏನೂ ಇಲ್ಲ, ಮುಂದೆ ಸ್ಪೀಡೋಮೀಟರ್ ಒಳಗಿನ ಪುಟ್ಟ ದೀಪ ಮಿಣಿಮಿಣಿ ಅಂತಿತ್ತು. "ಗಾಡಿಗೆ ದೆವ್ವ ಹಿಡಿದಿದೆ" ಅಂತ ನಗಾಡಿ ರೀಲ್ ಕೂಡ ಮಾಡಿದ್ವಿ. ಗಾಡಿ ತನ್ನ ರೋಗ ಏನು ಅಂತ ಅಲ್ಲೇ ಹೇಳ್ತಿತ್ತು, ಕೇಳಿಸಿಕೊಳ್ಳೋಕೆ ನಮಗೆ ಬರ್ಲಿಲ್ಲ.

ಆಮೇಲೊಂದು ದಿನ ಸಂಜೆ, ಸಣ್ಣ ಮಳೆ. ಹೆಡ್‌ಲೈಟ್ ಹಾಕೋವಷ್ಟು ಕತ್ತಲಾಗಿರ್ಲಿಲ್ಲ. ಗೇಟಿನ ಹತ್ರ ನಾಯಿ ಅಡ್ಡ ಬಂತು ಅಂತ ಗೆಳೆಯ ಬ್ರೇಕ್ ಹಿಡಿದ. ಹಿಂದೆ ಬರ್ತಿದ್ದ ಆಟೋ ಗುದ್ದಿತು. ಮಣಿಕಟ್ಟಿನ ಹತ್ರ ಮೂಳೆ ಬಿರುಕು, ಮಂಡಿಗೆ ಹೊಲಿಗೆ, ಎರಡು ಇಂಟರ್ನಲ್ಸ್ ಹೋಯ್ತು. ಆಟೋದವರೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ದಾರಿಯುದ್ದಕ್ಕೂ ಬೈದ್ರು. "ಬ್ರೇಕ್ ಲೈಟೇ ಇಲ್ದಿರೋ ಗಾಡಿ ಓಡಿಸ್ತೀರಲ್ಲಪ್ಪ, ನೀನು ನಿಲ್ಲಿಸ್ತೀಯ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ನಮ್ಮ ಹತ್ರ ಉತ್ತರ ಇರ್ಲಿಲ್ಲ. ಗಂಟೆಗೆ 50 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಹತ್ತಿರಹತ್ತಿರ 14 ಮೀಟರ್. ಹಿಂದಿನವನು ಬ್ರೇಕ್ ಒತ್ತೋದು ಅರ್ಧ ಸೆಕೆಂಡ್ ತಡ ಆದ್ರೂ 7 ಮೀಟರ್ ಮುಂದೆ ಬಂದಿರ್ತಾನೆ.

ಮರುದಿನ ಬೈಕು ತಳ್ಳಿಕೊಂಡು ಗೇಟಿನ ಆಚೆಯ ಗ್ಯಾರೇಜಿಗೆ ಹೋದ್ವಿ. ಹೋಗೋ ಮುಂಚೆ ಮರ್ಯಾದೆ ಉಳಿಸಿಕೊಳ್ಳೋಣ ಅಂತ ಮಲ್ಟಿಮೀಟರ್ ಹಿಡಿದು ಎಲ್ಲ ನೋಡಿದ್ವಿ. ಬಲ್ಬ್ ತೆಗೆದು, ಬ್ರೇಕ್ ಒತ್ತಿ, ಹೋಲ್ಡರಿನಲ್ಲಿ ಅಳೆದ್ರೆ 12 ವೋಲ್ಟಿಗಿಂತ ಸ್ವಲ್ಪ ಜಾಸ್ತೀನೇ ಬಂತು. ಹೋಲ್ಡರಿನ ಲೋಹದ ಮೈಯಿಂದ ಚಾಸಿಸ್‌ಗೆ ಕಂಟಿನ್ಯುಟಿ ಇಟ್ರೆ ಬೀಪ್ ಅಂತು. "ವೋಲ್ಟೇಜ್ ಇದೆ, ಅರ್ಥಿಂಗ್ ಇದೆ, ಬಲ್ಬ್ ಹೊಸದು. ಉರೀಲೇಬೇಕು ಅಣ್ಣ" ಅಂತ ವಾದ ಮಾಡಿದ್ವಿ.

ಗ್ಯಾರೇಜಿನ ಅಣ್ಣ ಏನೂ ಮಾತಾಡದೆ ಹಾರ್ನ್ ಒತ್ತಿದ್ರು. ಜೋರಾಗಿ ಬಂತು. "ಬ್ಯಾಟರಿ, ಫ್ಯೂಸು ಬಿಟ್ಟಾಕಿ" ಅಂದ್ರು. ಮುಂದಿನ ಲಿವರ್ ಒತ್ತಿದ್ರು, ಮೀಟರ್ ದೀಪ ಮಿಣುಕಿತು. ಕಾಲಿನ ಪೆಡಲ್ ಒತ್ತಿದ್ರು, ಮತ್ತೆ ಮಿಣುಕಿತು. "ಎರಡು ಸ್ವಿಚ್ಚೂ ಸರಿ ಇದೆ. ಕರೆಂಟ್ ಬರ್ತಾ ಇದೆ, ವಾಪಸ್ ಹೋಗೋಕೆ ಸರಿಯಾದ ದಾರಿ ಇಲ್ಲ. ಅರ್ಥಿಂಗ್ ಹೋಗಿದೆ." ಇಷ್ಟಕ್ಕೆ ಅರ್ಧ ನಿಮಿಷ. ಒಂದು ಸ್ಕ್ರೂ ಕೂಡ ಬಿಚ್ಚಿರ್ಲಿಲ್ಲ.

ಬೀಪ್ ಬಂತಲ್ಲ ಅಂತ ನಾವು ಬಿಡಲಿಲ್ಲ. ಅವರು ನಕ್ಕು ಡಬ್ಬಿಯಿಂದ ತಮ್ಮ ಟೆಸ್ಟ್ ಲ್ಯಾಂಪ್ ತೆಗೆದ್ರು. ಏನೂ ಇಲ್ಲ, ಹಳೇ ಇಂಡಿಕೇಟರಿನ 10 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸುಗೆ ಹಾಕಿರೋದು. ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಚಾಸಿಸ್‌ಗೆ ಇಟ್ರೆ ಝಗ್ ಅಂತ ಉರೀತು. ಅದೇ ತುದಿ ಹೋಲ್ಡರಿನ ಮೈಗೆ ಇಟ್ರೆ ಕೆಂಪಗೆ ಮಂಕಾಯ್ತು. ಸೀಟ್ ತೆಗೆದು ಹಸಿರು ತಂತಿ ಹಿಡಿದು ಹೋದ್ರೆ ಒಂದು ಜಾಯಿಂಟು, ಒಳಗೆಲ್ಲ ಕಿಲುಬು. ನಾವು ಬಲ್ಬ್ ಹಾಕುವಾಗಲೆಲ್ಲ ತಂತಿ ಅಲ್ಲಾಡಿ ಎರಡು ಮೂರು ದಿನ ಹಿಡ್ಕೊಳ್ತಿತ್ತು, ಆಮೇಲೆ ಬಿಡ್ತಿತ್ತು. ಬಲ್ಬಿಗೂ ಅದಕ್ಕೂ ಸಂಬಂಧವೇ ಇರ್ಲಿಲ್ಲ. ಜಾಯಿಂಟ್ ಕತ್ತರಿಸಿ, ತಂತಿ ಕೆರೆದು, ಹೊಸ ಕನೆಕ್ಟರ್ ಹಾಕಿದ್ರು. ತಗೊಂಡಿದ್ದು 30 ರೂಪಾಯಿ.

ಆ ಕತ್ತರಿಸಿದ ತುಂಡನ್ನ ರೂಮಿಗೆ ತಂದು ಅಳೆದ್ವಿ. ಸುಮಾರು 30 ಓಮ್. ಆಗ ಪೆನ್ನು ಹಿಡಿದು ಕೂತ್ವಿ. ಬ್ರೇಕ್ ಫಿಲಮೆಂಟ್ 21 ವ್ಯಾಟ್, ಅಂದ್ರೆ 12 ವೋಲ್ಟಿಗೆ 1.75 ಆಂಪಿಯರ್ ಬೇಕು. 30 ಓಮ್ ದಾಟಿ ಅಷ್ಟು ಕರೆಂಟ್ ಹೋಗ್ಬೇಕಂದ್ರೆ ಆ ಜಾಯಿಂಟ್ ಒಂದಕ್ಕೇ 52 ವೋಲ್ಟ್ ಬೇಕು. ಇರೋದು 12ರ ಬ್ಯಾಟರಿ. ಹಾಗಾದ್ರೆ ಮೀಟರ್ ಯಾಕೆ ಸುಳ್ಳು ಹೇಳಿತು? ಹೇಳಿರ್ಲಿಲ್ಲ. ಮಲ್ಟಿಮೀಟರಿನ ಒಳಗಿನ ರೆಸಿಸ್ಟೆನ್ಸ್ ಸುಮಾರು 10 ಮೆಗಾ ಓಮ್. ಅದು ಎಳೆಯೋದು ಮೈಕ್ರೋ ಆಂಪಿಯರ್ ಲೆಕ್ಕದಲ್ಲಿ. ಅಷ್ಟಕ್ಕೆ 30 ಓಮಿನಲ್ಲಿ ವೋಲ್ಟೇಜ್ ಕಳೆಯೋದೇ ಇಲ್ಲ, ಹಾಗಾಗಿ ಪೂರ್ತಿ 12 ತೋರಿಸಿತು. ಬೀಪ್ ಅಂತೂ ಎಷ್ಟೋ ಮೀಟರುಗಳಲ್ಲಿ 30 ಓಮಿಗೂ ಬರುತ್ತೆ. ಅಣ್ಣನ ಬಲ್ಬ್ ಆದ್ರೆ ಮುಕ್ಕಾಲು ಆಂಪಿಯರಿಗೂ ಜಾಸ್ತಿ ಕೇಳುತ್ತೆ. ಜಾಯಿಂಟಿಗೆ ಅಷ್ಟು ಕೊಡೋಕೆ ಆಗದಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಕಿಲುಬು ಹಿಡಿದ ಜಾಯಿಂಟ್ ಹುಡುಕೋಕೆ ಆ ಹಳೇ ಬಲ್ಬೇ ನಮ್ಮ ಮೀಟರಿಗಿಂತ ಒಳ್ಳೇ ಉಪಕರಣ.

ಮೀಟರ್ ದೀಪದ ದೆವ್ವವೂ ಸಿಕ್ಕಿತು. ಬಲ್ಬಿನಲ್ಲಿ ಎರಡು ಫಿಲಮೆಂಟ್, ಬ್ರೇಕಿಗೆ 21 ವ್ಯಾಟ್, ಟೇಲ್‌ಗೆ 5 ವ್ಯಾಟ್, ಎರಡಕ್ಕೂ ಅರ್ಥಿಂಗ್ ಒಂದೇ. ಅದು ಕೆಟ್ಟಾಗ ಬ್ರೇಕ್ ಫಿಲಮೆಂಟ್ ದಾಟಿದ ಕರೆಂಟ್ ಟೇಲ್ ಫಿಲಮೆಂಟಿನೊಳಗೆ ಉಲ್ಟಾ ನುಗ್ಗಿ, ಟೇಲ್ ತಂತಿ ಹಿಡಿದು ಮುಂದೆ ಹೋಗಿ, ಅದೇ ತಂತಿಯಲ್ಲಿರೋ ಸ್ಪೀಡೋಮೀಟರ್ ಬಲ್ಬಿನ ಮೂಲಕ ಚಾಸಿಸ್‌ಗೆ ಇಳೀತಿತ್ತು. ಮೂರು ರೆಸಿಸ್ಟರ್ ಸೀರೀಸಿನಲ್ಲಿ. ದೊಡ್ಡ ರೆಸಿಸ್ಟೆನ್ಸ್ ಇರೋ ಸಣ್ಣ ಬಲ್ಬಿಗೆ ವೋಲ್ಟೇಜಿನ ದೊಡ್ಡ ಪಾಲು, ಅದಕ್ಕೇ ಅದೊಂದು ಮಿಣುಕ್ತಿತ್ತು. ಕಿರ್ಚಾಫ್ ನಿಯಮದ ಮೇಲೆ ಇದಕ್ಕಿಂತ ಕಷ್ಟದ ಲೆಕ್ಕ ಮಾಡಿ ನಾವು ಮಾರ್ಕ್ಸ್ ತಗೊಂಡಿದ್ದೀವಿ.

ಹಾಗಾದ್ರೆ ನಮಗೆ ಯಾಕೆ ಹೊಳೀಲಿಲ್ಲ? ನಮ್ಮ ಪ್ರಕಾರ ಕಾರಣ ಒಂದೇ. ಕಾಲೇಜಿನಲ್ಲಿ ನಮಗೆ ಯಾವತ್ತೂ ಕೆಟ್ಟಿರೋ ಸರ್ಕ್ಯೂಟ್ ಕೊಟ್ಟಿಲ್ಲ. ಲ್ಯಾಬಿಗೆ ಹೋದ್ರೆ ಬೋರ್ಡ್ ಮೇಲೆ ಡಯಾಗ್ರಮ್ ಪ್ರಿಂಟ್ ಆಗಿರುತ್ತೆ. ಪ್ಯಾಚ್ ಕಾರ್ಡ್ ಚುಚ್ಚಬೇಕು, ರೀಡಿಂಗ್ ಬರೀಬೇಕು, ಸಹಿ ಹಾಕಿಸ್ಕೋಬೇಕು. ರೀಡಿಂಗ್ ಬರದಿದ್ರೆ "ಸರ್, ಬೋರ್ಡ್ ವರ್ಕ್ ಆಗ್ತಿಲ್ಲ" ಅಂತೀವಿ. ಇನ್ನೊಂದು ಬೋರ್ಡ್ ಬರುತ್ತೆ, ಕೆಟ್ಟಿದ್ದು ಬೀರು ಸೇರುತ್ತೆ. ಬಲ್ಬಿನ ವಿಷಯದಲ್ಲೂ ನಾವು ಮಾಡಿದ್ದು ಅದನ್ನೇ. ಬದಲಾಯಿಸು, ಉರಿದ್ರೆ ಸರಿ. ಲ್ಯಾಬಿನಲ್ಲಿ ಆ ಅಭ್ಯಾಸಕ್ಕೆ ಬೆಲೆ ಕಟ್ಟಬೇಕಾಗಿಲ್ಲ, ರೋಡಿನಲ್ಲಿ ಕಟ್ಟಿದ್ವಿ.

"ಅದು ಮೆಕ್ಯಾನಿಕ್ ಕೆಲಸ, ನೀವು ಡಿಸೈನ್ ಕಲೀರಿ" ಅಂತ ಸೀನಿಯರ್ಸ್ ಹೇಳಿದ್ರು. ಅದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಬಲ್ಬ್ ಬದಲಾಯಿಸೋಕೆ ಇಂಜಿನಿಯರ್ ಬೇಡ, ನಿಜ. ಯಾವುದು ಸರಿ ಇದೆ ಅಂತ ಒಂದೊಂದಾಗಿ ಖಚಿತ ಮಾಡ್ಕೊಂಡು ಅನುಮಾನದ ಜಾಗವನ್ನ ಕಿರಿದು ಮಾಡೋದು ಬೇರೆ ವಿದ್ಯೆ. ಸಿಎಸ್‌ನವರು ಕೋಡಿನಲ್ಲಿ ಬಗ್ ಹುಡುಕೋದೂ ಇದೇ ದಾರಿ. ಹಾರ್ನ್ ಒತ್ತಿ ಅರ್ಧ ಸರ್ಕ್ಯೂಟ್ ಬಿಟ್ಟಾಕಿದ ಅಣ್ಣನ ಹತ್ರ ಆ ವಿದ್ಯೆ ಇತ್ತು, ಡಿಗ್ರಿ ಇರ್ಲಿಲ್ಲ. ಎರಡೂ ಇರೋರು ನಾವು ಯಾಕಾಗಬಾರದು?

ನಮ್ಮ ಕೋರಿಕೆ ದೊಡ್ಡದಲ್ಲ. ಸೆಮಿಸ್ಟರಿಗೆ ಒಂದು ಲ್ಯಾಬ್ ಕ್ಲಾಸ್ ಕೊಡಿ. ಬೀರುವಿನಲ್ಲಿರೋ ಕೆಟ್ಟ ಬೋರ್ಡ್ ಹೊರಗೆ ತೆಗೀರಿ. ಇಲ್ಲಾಂದ್ರೆ ಒಂದು ಬ್ಯಾಚ್ ಸರಿಯಾದ ಸರ್ಕ್ಯೂಟಿನಲ್ಲಿ ಬೇಕಂತಲೇ ತಪ್ಪು ಅಡಗಿಸಲಿ, ಅರ್ಥಿಂಗ್ ತಂತಿಯಲ್ಲಿ 33 ಓಮಿನ ಒಂದು ರೆಸಿಸ್ಟರ್ ಸಾಕು. ಇನ್ನೊಂದು ಬ್ಯಾಚ್ ಹುಡುಕಲಿ. ಸಿಕ್ಕಿದ್ದಕ್ಕಷ್ಟೇ ಅಲ್ಲ, ಹೇಗೆ ಹುಡುಕಿದ್ವಿ ಅಂತ ಬರೆದದ್ದಕ್ಕೂ ಮಾರ್ಕ್ಸ್ ಇರಲಿ. ಸಿಲೆಬಸ್ ಮುಗಿಯಲ್ಲ ಅನ್ನೋದು ನಿಜವಾದ ತೊಂದರೆ, ಮೇಷ್ಟ್ರುಗಳ ಕಷ್ಟ ನಮಗೂ ಗೊತ್ತು. ಅದಕ್ಕೇ ಒಂದೇ ಕ್ಲಾಸ್ ಕೇಳ್ತಿರೋದು.

ಅಲ್ಲಿವರೆಗೆ ಓದುಗರಿಗೆ ಒಂದು ಕೆಲಸ. ಇವತ್ತು ಸಂಜೆ ನಿಮ್ಮ ಗಾಡಿಯ ಹಿಂಭಾಗವನ್ನ ಗೋಡೆಗೋ ಅಂಗಡಿ ಶಟರಿಗೋ ತಿರುಗಿಸಿ ನಿಲ್ಲಿಸಿ. ಮೊದಲು ಕೈ ಬ್ರೇಕ್ ಮಾತ್ರ, ಆಮೇಲೆ ಕಾಲಿನ ಬ್ರೇಕ್ ಮಾತ್ರ ಒತ್ತಿ. ಎರಡು ಸಲವೂ ಗೋಡೆ ಮೇಲೆ ಕೆಂಪು ಜೋರಾಗಬೇಕು. 2017ರ ಏಪ್ರಿಲ್ ನಂತರದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ತಾನಾಗೇ ಉರೀತಿರುತ್ತೆ, ಜೊತೆಗೆ ಹಿಂದಿನ ಕೆಂಪು ದೀಪವೂ. ಕೆಂಪು ಇದೆಯಲ್ಲ ಅಂತ ಸುಮ್ಮನಾಗ್ಬೇಡಿ, ಜೋರಾಗುತ್ತಾ ನೋಡಿ. ಕಾಲಿನದ್ದು ಮಾತ್ರ ಉರೀದಿದ್ರೆ ಪೆಡಲ್ ಹತ್ರದ ಸ್ವಿಚ್ಚಿನ ಸ್ಪ್ರಿಂಗ್, ನಟ್ ನೋಡಿ, ಬ್ರೇಕ್ ಟೈಟ್ ಮಾಡಿಸಿದ ಮೇಲೆ ಅದು ಹೊಂದಾಣಿಕೆ ತಪ್ಪೋದುಂಟು. ಎರಡೂ ಉರೀದಿದ್ರೆ ಬಲ್ಬ್ ತೆಗೆದು ಫಿಲಮೆಂಟ್ ನೋಡಿ. ಅದು ಸರಿ ಇದ್ರೆ ಅರ್ಥಿಂಗ್ ನೋಡಿ.

ಮುಂದಿನ ಗಾಡಿಯ ಬ್ರೇಕ್ ಲೈಟ್ ಉರೀತಿಲ್ಲ ಅಂತ ಕಂಡ್ರೆ ಸಿಗ್ನಲ್ಲಿನಲ್ಲಿ ಪಕ್ಕ ಹೋಗಿ ಹೇಳಿ. ಅವರಿಗೆ ಅದು ಗೊತ್ತಿರಲ್ಲ.

ಗೆಳೆಯನ ಪ್ಲಾಸ್ಟರ್ ಬಿಚ್ಚಿದ್ದಾರೆ, ಬೈಕೂ ಓಡ್ತಿದೆ. ಹಳೇ ಇಂಡಿಕೇಟರ್ ಬಲ್ಬಿನಿಂದ ನಾವೂ ಒಂದು ಟೆಸ್ಟ್ ಲ್ಯಾಂಪ್ ಮಾಡ್ಕೊಂಡಿದ್ದೀವಿ. ಈ ಶನಿವಾರ ಕ್ಲಾಸ್ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಇರ್ತೀವಿ. ಬ್ರೇಕ್ ಲೈಟ್ ಉರೀದಿರೋ ಗಾಡಿ ಇದ್ರೆ ತಗೊಂಡು ಬನ್ನಿ, ಹೊಸ ಬಲ್ಬ್ ಮಾತ್ರ ತರಬೇಡಿ. ನಮ್ಮ ಹತ್ರ ಸರಿಯಾಗಿರೋವು ಎರಡು ಉಳಿದಿವೆ.