ಕ್ರಿಕೆಟ್‌ಗೆ ದುಬೈ ಇದೆ, ಅಂಧರ ತಂಡಕ್ಕೆ ಏನಿದೆ?

2025ರ ಸೆಪ್ಟೆಂಬರಿನಲ್ಲಿ ದುಬೈನಲ್ಲಿ ಏಷ್ಯಾ ಕಪ್ ನಡೆದಾಗ ನಮ್ಮ ಕಮಲನಗರದ ಚಹಾ ಹೋಟೆಲುಗಳಲ್ಲಿ ರನ್ನು, ವಿಕೆಟ್ಟಿಗಿಂತ ಹೆಚ್ಚು ಮಾತಾಗಿದ್ದು ಕೈಕುಲುಕುವುದರ ಬಗ್ಗೆ. ಭಾರತ–ಪಾಕಿಸ್ತಾನ ಮೂರು ಭಾನುವಾರ ಎದುರಾದವು. ಮೂರರಲ್ಲೂ ನಮ್ಮವರು ಗೆದ್ದರು, ಕೈ ಕೊಡಲಿಲ್ಲ. ಫೈನಲ್ ಗೆದ್ದ ಮೇಲೆ ಮೊಹ್ಸಿನ್ ನಖ್ವಿ ಕೈಯಿಂದ ಕಪ್ಪನ್ನೂ ತೆಗೆದುಕೊಳ್ಳಲಿಲ್ಲ. ‘ಬರೋಬ್ಬರಿ ಮಾಡ್ಯಾರ ನೋಡ್ರಿ’ ಎಂದವರೇ ಜಾಸ್ತಿ. ‘ಕೈ ಕೊಡಂಗಿಲ್ಲ ಅಂದಮ್ಯಾಲ ಆಡೋದರ ಯಾಕ್ರಿ?’ ಎಂದು ಕೇಳಿದವರೂ ಇದ್ದರು.

ಈ ಎರಡನೇ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ಭಾರತ–ಪಾಕ್ ಪಂದ್ಯವಿಲ್ಲದ ಟೂರ್ನಿಗೆ ಟಿವಿಯವರು ಕೊಡುವ ದುಡ್ಡೇ ಬೇರೆ. ಹಾಗಾಗಿ ಎಷ್ಟೇ ಸಿಟ್ಟಿದ್ದರೂ ಪುರುಷರ ಕ್ರಿಕೆಟ್ ದಾರಿ ಹುಡುಕಿಕೊಳ್ಳುತ್ತದೆ. ಏಷ್ಯಾ ಕಪ್ಪಿನ ಆತಿಥ್ಯ ನಮ್ಮದಾದರೂ ಆಟ ದುಬೈನಲ್ಲಿ. ಅದೇ ವರ್ಷದ ಚಾಂಪಿಯನ್ಸ್ ಟ್ರೋಫಿಯ ಆತಿಥ್ಯ ಪಾಕಿಸ್ತಾನದ್ದಾದರೂ ನಮ್ಮ ಪಂದ್ಯಗಳು ದುಬೈನಲ್ಲಿ. ಫೈನಲ್ ಕೂಡ ಅಲ್ಲಿಯೇ.

ದುಬೈ ಇಲ್ಲದವರ ಕತೆ ನಾವು ಹೇಳಬೇಕೆಂದಿರುವುದು.

ಅಂಧರ ಕ್ರಿಕೆಟ್ ನೋಡಿದವರು ನಮ್ಮಲ್ಲಿ ಕಡಿಮೆ. ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳಿರುತ್ತವೆ, ಉರುಳಿದರೆ ಗಲಗಲ ಸದ್ದು ಬರುತ್ತದೆ. ಬೌಲರ್ ಕೈ ಕೆಳಗಿನಿಂದ ಎಸೆಯಬೇಕು, ಬ್ಯಾಟ್ಸ್‌ಮನ್ ಕಿವಿಯಿಂದ ಆಡಬೇಕು. ಪೂರ್ತಿ ಕಾಣದ ಆಟಗಾರ ಹೊಡೆದ ಒಂದು ರನ್ನಿಗೆ ಎರಡು ಲೆಕ್ಕ. ಈ ಆಟದ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲಿ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಟಿ20 ವಿಶ್ವಕಪ್ಪನ್ನು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ ನಾಯಕತ್ವದ ಭಾರತ ಗೆದ್ದಿತು, ಅದೂ ಪಾಕಿಸ್ತಾನವನ್ನು ಸೋಲಿಸಿ. 2017ರ ಫೆಬ್ರುವರಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಫೈನಲ್‌ನಲ್ಲಿ ಮತ್ತೆ ಅದೇ ಎದುರಾಳಿ, ಅದೇ ಫಲಿತಾಂಶ. ಉರಿ ದಾಳಿಯಾಗಿ ಆಗ ಐದು ತಿಂಗಳೂ ತುಂಬಿರಲಿಲ್ಲ. ಆದರೂ ಆ ತಂಡ ಬಂತು, ಆಡಿತು, ಸೋತು ಹೋಯಿತು. ಯಾರ ಮಾನವೂ ಹೋಗಲಿಲ್ಲ.

ಆಮೇಲೆ ಲೆಕ್ಕ ಬದಲಾಯಿತು. 2022ರ ಡಿಸೆಂಬರಿನಲ್ಲಿ ಭಾರತದಲ್ಲಿ ನಡೆದ ವಿಶ್ವಕಪ್ಪಿಗೆ ಪಾಕಿಸ್ತಾನದ ಅಂಧರಿಗೆ ವೀಸಾ ಸಿಗಲಿಲ್ಲ. ಫೈನಲ್‌ನಲ್ಲಿ ನಾವು ಬಾಂಗ್ಲಾದೇಶವನ್ನು ಸೋಲಿಸಿದೆವು. 2024ರ ನವೆಂಬರಿನಲ್ಲಿ ವಿಶ್ವಕಪ್ ಪಾಕಿಸ್ತಾನಕ್ಕೆ ಹೋಯಿತು. ನಮ್ಮ ತಂಡಕ್ಕೆ ಕ್ರೀಡಾ ಸಚಿವಾಲಯ ಎನ್‌ಒಸಿ ಕೊಟ್ಟಿತ್ತು. ವಾಘಾ ದಾಟಿ ಹೋಗುವುದೆಂದು ತಯಾರಿಯೂ ಆಗಿತ್ತು. ವಿದೇಶಾಂಗ ಸಚಿವಾಲಯದ ಅನುಮತಿ ಮಾತ್ರ ಬರಲಿಲ್ಲ. ಮೂರು ಸಲದ ಚಾಂಪಿಯನ್ನರು ಮನೆಯಲ್ಲಿ ಉಳಿದರು. ಮುಲ್ತಾನದಲ್ಲಿ ಪಾಕಿಸ್ತಾನ ಬಾಂಗ್ಲಾದೇಶವನ್ನು ಸೋಲಿಸಿ ಕಪ್ ಎತ್ತಿತು. ಮೂರು ತಿಂಗಳು ಕಳೆಯುವುದರೊಳಗೆ ಚಾಂಪಿಯನ್ಸ್ ಟ್ರೋಫಿ ಶುರುವಾಯಿತು, ದುಬೈ ವಿಮಾನಗಳು ಹಾರಿದವು.

ಎದುರಾಳಿ ಬಾರದೆ ಗೆದ್ದ ಕಪ್ಪಿಗೆ ಒಂದು ಬಾಲ ಅಂಟಿಕೊಳ್ಳುತ್ತದೆ. 1980ರ ಮಾಸ್ಕೋ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತೆಂದು ಅಮೆರಿಕ ಮತ್ತು ಜೊತೆಯವರು ಬಹಿಷ್ಕರಿಸಿದರು. ಪುರುಷರ ಹಾಕಿಯಲ್ಲಿ ಉಳಿದದ್ದು ಆರೇ ತಂಡ. ಪಾಕಿಸ್ತಾನ, ಪಶ್ಚಿಮ ಜರ್ಮನಿ, ಆಸ್ಟ್ರೇಲಿಯಾ ಯಾರೂ ಇಲ್ಲ. ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ನಮ್ಮ ತಂಡ ಫೈನಲ್‌ನಲ್ಲಿ ಸ್ಪೇನ್ ಮೇಲೆ 4–3ರಿಂದ ಗೆದ್ದು ಚಿನ್ನ ತಂದಿತು. ಹಾಕಿಯಲ್ಲಿ ಆಮೇಲೆ ಚಿನ್ನ ಬಂದಿಲ್ಲ. ಆದರೂ ಆ ಚಿನ್ನದ ಮಾತು ಬಂದಾಗಲೆಲ್ಲ ‘ಅವತ್ತು ಯಾರಿದ್ರು ಬಿಡ್ರಿ’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಬೆವರು ಹರಿಸಿದವರ ತಪ್ಪು ಅದರಲ್ಲೇನಿದೆ? 2022ರ ನಮ್ಮ ಅಂಧರ ಕಪ್ಪಿಗೂ 2024ರ ಅವರ ಕಪ್ಪಿಗೂ ಇದೇ ಬಾಲ.

ಹಾಗಂತ ‘ಆಟದಲ್ಲಿ ರಾಜಕೀಯ ಬೇಡ’ ಎಂಬ ಭಾಷಣ ನಾವು ಮಾಡುವುದಿಲ್ಲ. ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು ಸತ್ತ 26 ಮಂದಿಯಲ್ಲಿ ನಮ್ಮ ರಾಜ್ಯದವರೂ ಇದ್ದರು. ಆ ಸಿಟ್ಟು ಸುಳ್ಳಲ್ಲ. ದೇಶ ಒಂದು ನಿಲುವು ತೆಗೆದುಕೊಂಡು ನಷ್ಟ ಅನುಭವಿಸಿದರೆ ಅದಕ್ಕೆ ಬೆಲೆಯಿದೆ. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ್ದ ಭಾರತ, ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾ ಜೊತೆ ಆಡುವುದಿಲ್ಲ ಎಂದು ಕಪ್ಪನ್ನೇ ಬಿಟ್ಟುಕೊಟ್ಟಿತು. ಆಗ ಬಿಟ್ಟುಕೊಟ್ಟದ್ದು ಫೈನಲ್ಲನ್ನು. ಈಗ ಫೈನಲ್ ಆಡುತ್ತೇವೆ, ಕೈ ಮಾತ್ರ ಕೊಡುವುದಿಲ್ಲ. ಬಿಟ್ಟುಕೊಡುವ ಕೆಲಸ ಸದ್ದಿಲ್ಲದ ಆಟಗಳ ಪಾಲಿಗೆ ಬಂದಿದೆ.

ಪಟ್ಟಿ ಉದ್ದವಿದೆ. ಪುಲ್ವಾಮಾ ದಾಳಿಯ ನಂತರ 2019ರ ಫೆಬ್ರುವರಿಯಲ್ಲಿ ದೆಹಲಿಯ ಶೂಟಿಂಗ್ ವಿಶ್ವಕಪ್ಪಿಗೆ ಪಾಕಿಸ್ತಾನದ ಇಬ್ಬರು ಶೂಟರುಗಳಿಗೆ ವೀಸಾ ನಿರಾಕರಿಸಲಾಯಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವರು ಆಡಬೇಕಿದ್ದ ಸ್ಪರ್ಧೆಯ ಒಲಿಂಪಿಕ್ ಕೋಟಾ ಕಿತ್ತುಕೊಂಡಿತು, ಮುಂದಿನ ಕೂಟಗಳ ಬಗ್ಗೆ ಭಾರತದ ಜೊತೆ ಮಾತುಕತೆಯನ್ನೇ ನಿಲ್ಲಿಸಿತು. ಸರ್ಕಾರ ಲಿಖಿತ ಭರವಸೆ ಕೊಟ್ಟ ಮೇಲೆ ಆ ನಿರ್ಬಂಧ ತೆರವಾಯಿತು. ಇನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಜಾವೆಲಿನ್ ಕೂಟ: ನೀರಜ್ ಚೋಪ್ರಾ ಪಾಕಿಸ್ತಾನದ ಅರ್ಷದ್ ನದೀಮ್‌ಗೆ ಆಹ್ವಾನ ಕಳಿಸಿದ್ದು ಪಹಲ್ಗಾಮ್ ದಾಳಿಯ ಹಿಂದಿನ ದಿನ. ಅರ್ಷದ್ ಬೇರೆ ಕಾರಣಕ್ಕೆ ಬರುತ್ತಿರಲಿಲ್ಲ. ಆದರೂ ದೇಶಕ್ಕೆ ಎರಡು ಒಲಿಂಪಿಕ್ ಪದಕ ತಂದ ನೀರಜ್ ಮತ್ತವರ ಮನೆಯವರನ್ನು ಮೊಬೈಲ್ ಹಿಡಿದವರು ಬಾಯಿಗೆ ಬಂದಂತೆ ಬೈದರು. ಕೂಟ ಮೇ 24ರಿಂದ ಜುಲೈ 5ಕ್ಕೆ ಹೋಯಿತು.

ನಮ್ಮದು ಗಡಿ ತಾಲ್ಲೂಕು. ಬೆಳಗಾವಿಯಲ್ಲಿ ಭಾಷೆಯ ಗದ್ದಲ ಎದ್ದಾಗಲೂ ಇಲ್ಲಿನ ಟೆನಿಸ್ ಬಾಲ್ ಟೂರ್ನಿಗೆ ಉದಗೀರದ ಹುಡುಗರು ಬರುತ್ತಾರೆ. ಎಂಟ್ರಿ ಫೀ ಕೊಟ್ಟರೆ ಸಾಕು, ವೀಸಾ ಬೇಕಿಲ್ಲ. ದೇಶಗಳ ಗಡಿ ಅಷ್ಟು ಸಲೀಸಲ್ಲ ಎಂಬುದು ನಮಗೂ ತಿಳಿದಿದೆ. ನಾವು ಕೇಳುವುದು ಇಷ್ಟೇ: ಶ್ರೀಮಂತ ಕ್ರಿಕೆಟ್‌ಗೆ ಸಿಕ್ಕ ದಾರಿ ಬಡ ಆಟಕ್ಕೂ ಸಿಗಲಿ. 2025ರ ಆಗಸ್ಟ್‌ನಲ್ಲಿ ಕ್ರೀಡಾ ಸಚಿವಾಲಯ ಪಾಕಿಸ್ತಾನದ ಬಗ್ಗೆ ನೀತಿ ಪ್ರಕಟಿಸಿತು. ಎರಡೇ ದೇಶಗಳ ಸರಣಿ ಇಲ್ಲ. ಹಲವು ದೇಶಗಳ ಕೂಟಗಳಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ರೂಢಿ ಮತ್ತು ನಮ್ಮ ಕ್ರೀಡಾಪಟುಗಳ ಹಿತ ನೋಡಿ ನಡೆಯುತ್ತೇವೆ ಎಂದಿತು. ಆ ಹಿತದ ಲೆಕ್ಕದಲ್ಲಿ ಅಂಧ ಆಟಗಾರರೂ ಬರಬೇಕು. ಹೋಗಬೇಡಿ ಎನ್ನುವುದಾದರೆ ತಿಂಗಳುಗಳ ಮೊದಲೇ, ಬರಹದಲ್ಲಿ ಹೇಳಬೇಕು. ಮೂರನೇ ದೇಶದ ಮೈದಾನಕ್ಕೆ ಹೋಗುವ ಖರ್ಚನ್ನು ಸರ್ಕಾರವೇ ಹೊರಬೇಕು. ಇದು ಹೊಸ ಮಾತಲ್ಲ. 2018ರ ಅಂಧರ ಏಕದಿನ ವಿಶ್ವಕಪ್ಪಿನಲ್ಲಿ ಭಾರತದ ಪಂದ್ಯಗಳು ಯುಎಇಯಲ್ಲೇ ನಡೆದಿದ್ದವು. ಶಾರ್ಜಾದ ಫೈನಲ್‌ನಲ್ಲಿ ನಮ್ಮವರು ಪಾಕಿಸ್ತಾನವನ್ನು ಎರಡು ವಿಕೆಟ್‌ಗಳಿಂದ ಸೋಲಿಸಿದ್ದರು.

2025ರ ನವೆಂಬರಿನಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಹೀಗೆಯೇ ಆಯಿತು. ಆತಿಥ್ಯ ಭಾರತದ್ದು, ಪಾಕಿಸ್ತಾನದ ಪಂದ್ಯಗಳು ಶ್ರೀಲಂಕಾದಲ್ಲಿ. ನಾಯಕಿ ನಮ್ಮ ಕರ್ನಾಟಕದ ದೀಪಿಕಾ ಟಿ.ಸಿ. ಪಾಕಿಸ್ತಾನವನ್ನು ಸೋಲಿಸಿದ ಮೇಲೆ ಆ ಹುಡುಗಿಯರು ಎದುರಾಳಿಗಳ ಕೈ ಕುಲುಕಿದರು. ಆಮೇಲೆ ಕೊಲಂಬೊದ ಫೈನಲ್‌ನಲ್ಲಿ ನೇಪಾಳದ ಮೇಲೆ ಏಳು ವಿಕೆಟ್‌ಗಳಿಂದ ಗೆದ್ದು ಕಪ್ ತಂದರು. ಕೈ ಕೊಟ್ಟಿದ್ದಕ್ಕೆ ಅವರನ್ನು ಯಾರೂ ಬೈದದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಹಾಗೆ ನೋಡಿದರೆ, ಚಹಾ ಹೋಟೆಲಿನಲ್ಲಿ ಆ ಪಂದ್ಯದ ಮಾತೇ ಬರಲಿಲ್ಲ.